ಸುಬೇದಾರರ ಆರ್‌ಪಿಎಂ ಮೀಟರು

ಗೇರು ಬದಲಿಸುವ ಮುನ್ನ ಸುಬೇದಾರರು ಇಂಜಿನ್ನಿಗೆ ಕಿವಿಗೊಟ್ಟು ಕತ್ತನ್ನು ಓರೆ ಮಾಡುತ್ತಿದ್ದರು. ತಂಬೂರಿಗೆ ಶ್ರುತಿ ಹಿಡಿಯುವವರಂತೆ ಹುಬ್ಬು ಗಂಟಿಕ್ಕಿ, ನರೆತ ಮೀಸೆಯ ತುದಿ ಹೆಗಲಿಗೆ ತಾಗುವುದೇನೋ ಎನ್ನುವಷ್ಟು ಓರೆ. ಸೇನೆಯ ವಾಹನ ಕಾರ್ಯಾಗಾರದಲ್ಲಿ ಆಯುಷ್ಯ ಸವೆಸಿದ ಕೊಡಗಿನವರು, ದಿಲ್ಲಿಯ ಪೀತಮ್‌ಪುರದಲ್ಲಿ ನನ್ನ ಕೆಳಗಿನ ಮನೆಯಲ್ಲಿದ್ದರು. ಇಬ್ಬರಿಗೂ ಪತ್ನೀವಿಯೋಗವಾಗಿತ್ತು. ಇಡೀ ಗಲ್ಲಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

ಅವರ ಹಳೆಯ ಪೆಟ್ರೋಲ್ ಕಾರಿನ ಇಂಜಿನ್ ಕೆಟ್ಟಾಗ ಡೀಸೆಲ್ ಇಂಜಿನ್ ಕೂರಿಸಿದರು. ಕಾರು ಓಡಿತು, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಆರ್‌ಪಿಎಂ ಮೀಟರಿನ ಮುಳ್ಳು ಮಾತ್ರ ಮಲಗಿಬಿಟ್ಟಿತು. ಅದು ಎಣಿಸುತ್ತಿದ್ದುದು ಪೆಟ್ರೋಲ್ ಹೊತ್ತಿಸುವ ಕಿಡಿಗಳನ್ನು. ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ.

“ಛೋಡೋ ಅಂಕಲ್‌ಜೀ, ಕಾನ್ ಸೇ ಚಲಾವೋ,” ಎಂದು ಮೆಕ್ಯಾನಿಕ್ ನಕ್ಕ.

ಸುಬೇದಾರರು ನಗಲಿಲ್ಲ. ಕೇಳಿಕೊಂಡು ಓಡಿಸಬೇಕಾದ ಆ ಕಿವಿಯೇ ಅವರಿಗೆ ಕೈಕೊಡುತ್ತಿತ್ತು. ಗುಡಗಾಂವಿನಿಂದ ಬರುತ್ತಿದ್ದ ಮಗಳದು ಒಂದೇ ವರಾತ: “ಪಪ್ಪಾ, ಕಾರು ಮಾರಿಬಿಡಿ ನಾ. ನಿಮಗೆ ಕೇಳಿಸಲ್ಲ, ನಂಗೆ ಭಯ, ಮುಝೇ ಡರ್ ಲಗತಾ ಹೈ.” ಕಿವಿಗೆ ಸಿಗದ್ದನ್ನು ಕಣ್ಣಿನಿಂದ ಹಿಡಿದರೆ ಕಾರು ಉಳಿಯುತ್ತದೆಂಬುದು ಅವರ ಹಟ.

ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನಿಂದ ತಂತಿ ಎಳೆದು ಮೀಟರಿಗೆ ಕೊಟ್ಟರು. ಮುಳ್ಳು ಎದ್ದಿತು, ಆದರೆ ಸುಳ್ಳು ಹೇಳಿತು. ಆಲ್ಟರ್ನೇಟರು ಇಂಜಿನ್ನಿಗಿಂತ ವೇಗವಾಗಿ ತಿರುಗುತ್ತದೆ. ಮೀಟರಿನ ಹಿಂಬದಿಗೆ, ಮುಳ್ಳಿನ ಲೆಕ್ಕವನ್ನು ತಿರುಪಿ ಹೊಂದಿಸುವ ಪುಟ್ಟ ಸ್ಕ್ರೂ ಜೋಡಿಸಿದರು. ನಿಜವಾದ ವೇಗ ತಿಳಿಯಲು ಇಂಜಿನ್ನಿನೊಡನೆ ತಿರುಗುವ ಪುಲ್ಲಿ ಗಾಲಿಯ ಮೇಲೆ ಸೀಮೆಸುಣ್ಣದ ಗೆರೆಯೊಂದನ್ನು ಎಳೆದು ಟ್ಯೂಬ್‌ಲೈಟ್ ಹಿಡಿದರು. ಆ ಬೆಳಕು ಕರೆಂಟಿನ ಲಯಕ್ಕೆ, ಸೆಕೆಂಡಿಗೆ ನೂರು ಸಲ, ನಮಗೆ ತಿಳಿಯದಂತೆ ಮಿಟುಕುತ್ತದೆ. ಒಂದು ಗೆರೆ ನಾಲ್ಕಾಗಿ, ಅಲುಗದೆ ನಿಂತರೆ ಸಾವಿರದೈನೂರು ಸುತ್ತು ಎಂದರು.

ಹಳೆಯ ಪುಸ್ತಕದ ಅಂಗಡಿಗಳಲ್ಲೇ ಓದು ಮುಗಿಸಿದ ನಾನು ಅಷ್ಟಕ್ಕೇ ಒಪ್ಪಲಿಲ್ಲ. “ದಿಲ್ಲಿ ಕರೆಂಟು ಐವತ್ತು ಹರ್ಟ್ಸ್ ಅಂತ ಕಂಡವರು ಯಾರು ಸುಬೇದಾರರೇ? ಸಂಜೆಯಾದರೆ ಫ್ಯಾನೇ ತೂಕಡಿಸುತ್ತೆ!” ಎಂದು ಅವರ ಕಿವಿಯ ಬಳಿ ಕೂಗಿದೆ.

“ಬಂದಿದೆಯಲ್ಲ ಪಂಡಿತರೇ, ಅದೇ ಪುಣ್ಯ!” ಎಂದು ನಕ್ಕರು. ಆದರೂ ನನ್ನ ತಕರಾರನ್ನು ತಳ್ಳಿಹಾಕದೆ, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ನೋಡಿದ ಮೇಲೆಯೇ ಸ್ಕ್ರೂ ಬಿಗಿದರು.

ಒಂದು ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಔಟರ್ ರಿಂಗ್ ರೋಡಿಗೆ ಹೊರಟರು. ಕತ್ತು ಓರೆಯಾಗಲಿಲ್ಲ. ಮುಳ್ಳು ನೋಡಿಕೊಂಡು ಗೇರು ಹಾಕುತ್ತಿದ್ದರು, ಬೆಣ್ಣೆಯಲ್ಲಿ ಕೂದಲೆಳೆದಂತೆ. ಹಿಂದಿನಿಂದ ಆಂಬುಲೆನ್ಸ್ ಕಿರುಚುತ್ತ ಬಂತು. ಮುಳ್ಳಿನಲ್ಲೇ ಮಗ್ನರಾಗಿದ್ದ ಅವರು ದಾರಿ ಬಿಡಲಿಲ್ಲ. ಹೆಗಲು ಹಿಡಿದು ಅಲುಗಿಸಿದೆ. ಬೆಚ್ಚಿ, ಎಡಕ್ಕೆ ಸರಿಸಿ ನಿಲ್ಲಿಸಿದರು. ಅದು ಕಣ್ಮರೆಯಾಗುವವರೆಗೂ ನೋಡುತ್ತಿದ್ದು, ಆಮೇಲೆ ಅಂದರು:

“ಮುಳ್ಳು ಸರಿಯಾಗಿದೆ, ಪಂಡಿತರೇ. ಇದಕ್ಕೆ ಯಾವ ಮುಳ್ಳು ಜೋಡಿಸಲಿ?”

ಮನೆಗೆ ಬಂದವರೇ ನನ್ನಿಂದ ಮಗಳಿಗೆ ಫೋನ್ ಮಾಡಿಸಿದರು. ಕಾರು ಮಾರು ಎಂದು ತಾವೇ ಹೇಳಿದರು. ಆ ಚಳಿಗಾಲದಲ್ಲಿ ತೀರಿಕೊಂಡರು.

ಮಗಳು ಕಾರು ಕಸಿದುಕೊಂಡಳು, ಆ ಕೊರಗಿನಲ್ಲೇ ಮುದುಕ ಹೋದ ಎಂದು ಗಲ್ಲಿಯವರು ಇಂದಿಗೂ ಹೇಳುತ್ತಾರೆ. ನಾನು ಎದುರಿಗೇ ಅಲ್ಲಗಳೆಯುತ್ತೇನೆ. “ಅಂಕಲ್‌ಜೀ, ಇತ್ನಾ ಚಿಲ್ಲಾತೇ ಕ್ಯೋಂ ಹೋ?” ಎಂದು ನನ್ನ ಕೂಗಿಗೆ ಬೆಚ್ಚಿ ಹಿಂದೆ ಸರಿಯುತ್ತಾರೆ. ಸುಬೇದಾರರೊಡನೆ ವಾದಿಸಿ ಏರಿದ ದನಿ ಇದು. ತಗ್ಗಿಸಿ ಮಾತಾಡುವಷ್ಟು ಹತ್ತಿರದವರು ಈ ಊರಿನಲ್ಲಿ ನನಗೆ ಇನ್ನಾರೂ ಸಿಗಲಿಲ್ಲ.