ಬೆನ್ನು ತಿರುಗಿಸಿದ ಸೇನಾನಿಗಳು

ಕೋಳಿ ಕೂಗುವ ಮೊದಲೇ ತಾವ್ ರುಯಿಲಾನ್ ಉಳಿ ಹಿಡಿದು ಕೂತಿದ್ದಾರೆ. ಬೆರಿಕಾಯಿ ಮರದ ಹಲಗೆಯಲ್ಲಿ ಕರಿಮುಖದ ಸೇನಾನಿಯ ಕವಚ ಮೇಲೇಳುತ್ತಿದೆ. ಹೊಸವರ್ಷಕ್ಕೆ ಹೆನಾನ್ ಸೀಮೆಯ ಮನೆಬಾಗಿಲಿನ ಎರಡು ಕದಗಳಿಗೆ ಅಂಟಿಸುವ ಅಚ್ಚುಚಿತ್ರದ ಕಾವಲು ಸೇನಾನಿಗಳು, ಒಬ್ಬ ಬಿಳಿಮುಖದವನು, ಒಬ್ಬ ಕರಿಮುಖದವನು, ಐವತ್ತು ವರ್ಷದಿಂದ ಇವರ ಕೈಯಲ್ಲೇ ಹುಟ್ಟುತ್ತಿದ್ದಾರೆ.

"ಮರದಲ್ಲಿ ಎಲ್ಲಾ ಉಲ್ಟಾ ಕೆತ್ತಬೇಕು. ಆಗ್ಲೇ ಕಾಗದದ ಮೇಲೆ ಸಿಪಾಯಿ ನೆಟ್ಟಗೆ ನಿಲ್ಲೋದು," ಎನ್ನುತ್ತಾರೆ ಎಪ್ಪತ್ತೊಂದರ ರುಯಿಲಾನ್. ಒಂದು ಚಿತ್ರಕ್ಕೆ ಐದು ಬಣ್ಣ, ಐದು ಹಲಗೆ. ದಿನಕ್ಕೆ ಇನ್ನೂರು ಹಾಳೆ, ಅಂದರೆ ಸಾವಿರ ಸಲ ತೋಳು ಆಡಬೇಕು. ಬಲ ಹೆಬ್ಬೆರಳು ಈಗ ಮಡಚುವುದಿಲ್ಲ. ಹಾಳೆಯ ಮೂಲೆಯಲ್ಲಿ ಅಚ್ಚಾಗುವುದು ಮಾತ್ರ ಮಾವನ ಅಂಗಡಿಯ ಹೆಸರು. ಸೊಸೆಯ ಹೆಸರು ಕೆತ್ತುವ ಪದ್ಧತಿ ಇಲ್ಲ.

ಕಳೆದ ತಿಂಗಳು ಊರಲ್ಲಿ ಹಳೆಯ ಯೋಧಚಿತ್ರಗಳ ಪ್ರದರ್ಶನ ಭವನ ತೆರೆದಿದೆ. ಹೆಬ್ಬಾಗಿಲಲ್ಲಿ ಎರಡಾಳೆತ್ತರದ ಸೇನಾನಿಗಳು, ರುಯಿಲಾನ್ ಕೆತ್ತಿದವರೇ. ಅಂಗಡಿಯ ಹೆಸರಿದ್ದ ಮೂಲೆಯನ್ನು ಕತ್ತರಿಸಿ, ಕೆಳಗೆ ಹಿತ್ತಾಳೆ ಫಲಕ ಬಡಿದಿದ್ದಾರೆ: 'ಕಲಾವಿದ ಅಜ್ಞಾತ'. ಮೂರು ಓಣಿಯಾಚೆ ಕೂತು ಹಬೆಯಲ್ಲಿ ಬೆಂದ ಬಿಸಿ ಮಾಂತೊ ಬನ್ನು ಮುರಿದು ತಿನ್ನುತ್ತಿರುವ ಜೀವ ಅಜ್ಞಾತವಂತೆ! ಅವರ ಅಂಗಳಕ್ಕೇ ಬಂದು ಫೋಟೊ ತೆಗೆದವರಿಗೆ ಹೆಸರು ಕೇಳಲು ನಾಲಿಗೆ ಬಿದ್ದುಹೋಗಿತ್ತೆ?

ತೆಗೆದ ಫೋಟೊವಾದರೂ ಎಂಥದು! ಅಚ್ಚಿನ ಹಾಳೆ ಬಿಟ್ಟು ಹಲಗೆಯದೇ ಚಿತ್ರ ಹಿಗ್ಗಿಸಿದ್ದಾರೆ. ಎಡಸೊಂಟದ ಕತ್ತಿ ಬಲಕ್ಕೆ ಬಂದಿದೆ. ಎದುರುಬದುರಾಗಬೇಕಾದ ಸೇನಾನಿಗಳು ಬೆನ್ನು ತಿರುಗಿಸಿ ನಿಂತಿದ್ದಾರೆ. ಇಲ್ಲಿ ಮಾತು ಬಿಟ್ಟ ಗಂಡಹೆಂಡಿರನ್ನು 'ತಿರುಗಾಮುರುಗಾ ಅಂಟಿಸಿದ ಬಾಗಿಲ ಸೇನಾನಿಗಳು' ಎಂದೇ ಹಂಗಿಸುತ್ತಾರೆ. ಉದ್ಘಾಟನೆಯ ದಿನ ಊರಿಗೆ ಊರೇ ನಕ್ಕಿತು.

"ಹೋಗಿ ಕೇಳ್ದೆ. 'ಅಯ್ಯೋ ಅಜ್ಜಿ, ಅಷ್ಟೆಲ್ಲಾ ಯಾರು ನೋಡ್ತಾರೆ?' ಅಂದ ಆ ಭವನದ ಮ್ಯಾನೇಜರ್ ಶೆನ್. 'ಬಾಗಿಲಿರೋ ಮನೆಯೋರೆಲ್ಲಾ ನೋಡ್ತಾರಪ್ಪಾ. ನೀನೇನು ಕಿಟಕಿಯಿಂದ ಓಡಾಡ್ತೀಯಾ?' ಅಂದೆ."

ಶೆನ್ ಸಾಹೇಬರು ಚಿತ್ರ ಬದಲಿಸಲು ಒಪ್ಪಿ, ಹೊಸ ಹಲಗೆ ಕೇಳಿದ್ದಾರೆ. ಫಲಕ ಮಾತ್ರ ಬದಲಿಸಲಾಗದಂತೆ, ಎರಕ ಹೊಯ್ದಾಗಿದೆಯಂತೆ. ತಪ್ಪು ಹಿತ್ತಾಳೆಯಲ್ಲಿದ್ದರೆ ಅದೇ ಶಾಸನ!

ಇವತ್ತು ಕೆತ್ತುತ್ತಿರುವುದು ಆ ಹೊಸ ಹಲಗೆಯನ್ನೇ. ಕವಚ ಮುಗಿಸಿದ ಉಳಿ ಕರಿಮುಖದವನ ಬೂಟಿಗೆ ಇಳಿಯುತ್ತದೆ. ಬೂಟಿನ ನಡುವೆ ಮೂರು ಚೀನೀ ಅಕ್ಷರ, ಉಲ್ಟಾ: ತಾವ್ ರುಯಿಲಾನ್.

"ಮತ್ತೆ ಹಲಗೆದೇ ಫೋಟೊ ತೆಗೆದ್ರೆ ಹೆಸರು ಉಲ್ಟಾ ಬಂದು ಅವರ ಮಾನವೇ ಹೋಗೋದು," ಎಂದು ಮರದ ಪುಡಿಯನ್ನು ಉಫ್ ಎಂದು ಊದುತ್ತಾರೆ. "ಮೂಲೆಲಿದ್ರೆ ಕತ್ತರಿಸಿ ಬಿಸಾಕ್ತಾರೆ. ಸೇನಾನಿ ಕಾಲು ಕತ್ತರಿಸ್ತಾರಾ? ನೋಡೇ ಬಿಡೋಣ."