ಲಸ್ಕರ್ ಸುಂಕಪ್ಪನ ಕಿಸೆಯ ಚಾವಿ

ಹೊಸಪೇಟೆಯ ಸೀಮೆಯಲ್ಲಿ ರಾಜರ ಕಾಲ ಮುಗಿದು ನಾನೂರೈವತ್ತು ವರ್ಷ ದಾಟಿತು ಎನ್ನುವವರು ನಮ್ಮ ಎದುರು ಮನೆಯ ಸುಂಕಪ್ಪನನ್ನು ನೋಡಿದವರಲ್ಲ. ಸಂಜೆ ಐದಕ್ಕೆ ಅವನು ಬನಿಯನ್ ತೊಟ್ಟು ಮನೆಯ ಕಟ್ಟೆಯ ಮೇಲೆ ಕುಳಿತನೆಂದರೆ ಒಡ್ಡೋಲಗ ಶುರುವಾಯಿತೆಂದೇ ಅರ್ಥ. ಏಪ್ರಿಲ್ ಬಿಸಿಲಿಗೆ ನಾಯಿಗಳು ಚರಂಡಿಯಲ್ಲಿ ಮಲಗಿರುವಾಗಲೂ ಆ ಬನಿಯನ್ನಿನ ಮೇಲೊಂದು ಕೆಂಪಂಚಿನ ಶಾಲು ಇರುತ್ತಿತ್ತು. ಎಮ್ಮಿಗನೂರಿನ ರೈತರು ಹೊದಿಸಿದ ಶಾಲು ಅದು. ಅದರ ಹಿಂದೊಂದು ಕಥೆ. ಆ ಕಥೆ ಕೇಳದೆ ನಮ್ಮ ಓಣಿ ದಾಟಿದವನು ಹಾಲಿನವನೊಬ್ಬನೇ, ಅವನದು ಮೋಟಾರ್ ಬೈಕು.

ಸುಂಕಪ್ಪ ಮೂವತ್ತೆರಡು ವರ್ಷ ತುಂಗಭದ್ರಾ ಕಾಲುವೆಯ ಮೇಲೆ ಲಸ್ಕರ್ ಆಗಿದ್ದ. ಲಸ್ಕರ್ ಎಂದರೆ ಉಪಕಾಲುವೆಯ ಗೇಟನ್ನು ಹೇಳಿದ ಹೊತ್ತಿಗೆ ಎತ್ತಿ ಹೇಳಿದ ಹೊತ್ತಿಗೆ ಇಳಿಸುವ ನೌಕರ. ಗೇಟಿನ ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ, ಬೀಗಕ್ಕೆ ಒಂದೇ ಚಾವಿ, ಆ ಚಾವಿ ಸುಂಕಪ್ಪನ ಕಿಸೆಯಲ್ಲಿ. ಇಪ್ಪತ್ತೆರಡು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಕಾಲುವೆಯ ಮೇಲ್ಭಾಗದವರೇ ನೀರನ್ನೆಲ್ಲ ಎಳೆದುಕೊಂಡು, ತುದಿಯಲ್ಲಿದ್ದ ಎಮ್ಮಿಗನೂರಿನ ಭತ್ತ ಹೂವಿನಲ್ಲೇ ಒಣಗತೊಡಗಿತ್ತಂತೆ. ತುದಿಗೆ ನೀರು ಬಿಡುವ ಗೇಟನ್ನು ಸಂಜೆಯೊಳಗೆ ಇಳಿಸು ಎಂದು ಸಾಹೇಬರ ಹುಕುಂ. "ಸಾಹೇಬ್ರ, ಈ ಚಾವಿ ಬೇಕಂದ್ರ ನನ್ನ ಹೆಣದ ಕಿಸೆದಾಗಿಂದ ತಗೋರಿ" ಎಂದು ಗರ್ಜಿಸಿದ ಸುಂಕಪ್ಪ ಚಾವಿಯೊಂದಿಗೆ ಎರಡು ದಿನ ಅಜ್ಞಾತವಾಸಕ್ಕೆ ಹೋದನಂತೆ. ಮರಳಿ ಬಂದಾಗ ತುದಿಯ ಗದ್ದೆಗಳಲ್ಲಿ ನೀರು, ಗೇಟಿನ ಬಳಿ ಡೊಳ್ಳು, ಹಾರ, ಶಾಲು. ಮೊದಮೊದಲು ಹಿಮ್ಮಡಿ ಮುಳುಗುವಷ್ಟಿದ್ದ ಆ ನೀರು ವರ್ಷಕ್ಕೊಂದು ಬೆರಳು ಏರುತ್ತ ಏರುತ್ತ ಈಗ ಮೊಣಕಾಲಿಗೆ ಬಂದು ನಿಂತಿತ್ತು.

ನಗಬೇಡಿ. ಪ್ರತಿ ಸುಗ್ಗಿ ಮುಗಿದ ಮೇಲೆ ಎಮ್ಮಿಗನೂರಿನ ಮೈಲಾರಲಿಂಗಪ್ಪ ಒಂದು ಚೀಲ ಸೋನಾಮಸೂರಿ ಅಕ್ಕಿಯನ್ನು ಕಂಪ್ಲಿ ಬಸ್ಸಿನಲ್ಲಿ ತಂದು, ಹೆಗಲ ಮೇಲೆ ಹೊತ್ತು ಈ ಕಟ್ಟೆಗೆ ಇಳಿಸುತ್ತಿದ್ದ. ಆ ನೀರಿನಲ್ಲಿ ಉಳಿದದ್ದು ಅವನಪ್ಪನ ಗದ್ದೆ. ಅಪ್ಪ ಸಾಯುವ ಮುಂಚೆ ಹೇಳಿದ ಮಾತನ್ನು ಮಗ ನಡೆಸಿಕೊಂಡು ಬಂದಿದ್ದ. ಸುಂಕಪ್ಪನ ಬದುಕಿನಲ್ಲಿ ಹೆಮ್ಮೆ ಪಡಲು ಇದ್ದದ್ದು ಇದೊಂದೇ.

ಎರಡು ವರ್ಷದ ಹಿಂದೆ ಅವನ ಮಹಡಿಗೆ ಬಾಡಿಗೆಗೆ ಕೆನಡಾದಿಂದ ವೆಂಡೆಲ್ ಮತ್ತು ಲೋರ್ನಾ ಎಂಬ ಗಂಡ ಹೆಂಡತಿ ಬಂದರು. ಇಬ್ಬರಿಗೂ ಎಪ್ಪತ್ತರ ಹತ್ತಿರ. ಕೆಲಸದಿಂದ ನಿವೃತ್ತರಾದ ದಂಪತಿಗಳು ಹದಿನೆಂಟು ತಿಂಗಳು ಪರದೇಶದಲ್ಲಿ ಸೇವೆ ಮಾಡಿ, ಮುಂದಿನ ಜೋಡಿಗೆ ಜಾಗ ಬಿಟ್ಟು ಹೋಗುವುದು ಅವರ ಚರ್ಚಿನ ಪದ್ಧತಿ. ವೆಂಡೆಲ್ ಅಂಗವಿಕಲರ ಕೇಂದ್ರವೊಂದರಲ್ಲಿ ಗಾಲಿಕುರ್ಚಿ ರಿಪೇರಿ ಮಾಡುತ್ತಿದ್ದ, ಲೋರ್ನಾ ಅಲ್ಲಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಬೆಳಗ್ಗೆ ಆರಕ್ಕೆ ಟೋಪಿ ಹಾಕಿಕೊಂಡು ಜೊತೆಯಾಗಿ ವಾಕಿಂಗ್, ಏಳಕ್ಕೆ ಪ್ರಾರ್ಥನೆ, ಎಂಟಕ್ಕೆ ನಲ್ಲಿ ನೀರು ಹಿಡಿದು ಕುದಿಸಿ ಸೋಸಿ ಮತ್ತೆ ಕುದಿಸುವುದು. ಟೊಮೆಟೊವನ್ನು ಲೋರ್ನಾ ಮೂರು ನೀರಿನಲ್ಲಿ ತೊಳೆಯುತ್ತಿದ್ದಳು. ಆ ಟೊಮೆಟೊಗಳಿಗೆ ಸಿಕ್ಕ ಸ್ನಾನ ನಮ್ಮ ಓಣಿಯ ಅನೇಕರಿಗೆ ಸಿಕ್ಕಿರಲಿಲ್ಲ.

ಸುಂಕಪ್ಪನ ಹೆಂಡತಿ ಎರ್ರೆಮ್ಮ ಮೊದಲ ತಿಂಗಳು ಪೂರ್ತಿ ಭದ್ರವಾಗಿ ವಿಭೂತಿ ಹಚ್ಚಿಕೊಂಡು ಕಾದಳು. ಅವರು ಮತದ ಮಾತೆತ್ತಿದರೆ ಏನೇನು ಉತ್ತರ ಕೊಡಬೇಕೆಂದು ತಯಾರಾಗಿದ್ದಳು. ಅವರು ಎತ್ತಲೇ ಇಲ್ಲ. ಆರನೇ ತಿಂಗಳಿಗೆ ಅವಳಿಗೆ ಬೇಜಾರಾಯಿತು. "ಒಮ್ಮೆರ ಕೇಳಬೇಕಿಲ್ಲೇನ್ರಿ? ನಾವೇನು ಲೆಕ್ಕಕ್ಕಿಲ್ಲದ ಮಂದಿ ಏನು?" ಎಂದು ನನ್ನ ಹತ್ತಿರ ದೂರಿದಳು.

ವೆಂಡೆಲ್ ಗೋಧಿ ಬೆಳೆದ ರೈತ. ಗಾಲಿಕುರ್ಚಿಗಿಂತ ಕಾಲುವೆ ಅವನಿಗೆ ಇಷ್ಟ. ಹೀಗಾಗಿ ಅವನಿಗೆ ಕನ್ನಡ ಕಲಿಸಿದ ಗುರು ಸುಂಕಪ್ಪನೇ. ಶಿಷ್ಯ ಲಸ್ಕರನ ಹಾಗೆಯೇ ಮಾತಾಡತೊಡಗಿದ. ಕೇಂದ್ರ ನೋಡಲು ಬಂದ ದೊಡ್ಡ ಅಧಿಕಾರಿಯೊಬ್ಬರಿಗೆ "ಬರ್ರಿ, ಕುಂದ್ರಿ, ಈ ಗಾಲಿ ಹಿಡಿಲೇ" ಎಂದ. ಅಧಿಕಾರಿ ಹಿಡಿದರು.

ಒಂದು ಭಾನುವಾರ ಇಬ್ಬರೂ ಟಿ.ಬಿ. ಡ್ಯಾಂ ಕಡೆ ಹೋಗಿ ಕಾಲುವೆಯ ದಂಡೆಯ ಮೇಲೆ ಕೂತಿದ್ದರು. ಶಾಲಿನ ಕಥೆಯನ್ನು ಐದನೇ ಸಲ ಕೇಳಿದ ವೆಂಡೆಲ್, "ಸುಂಕಪ್ಪ, ಆ ಎರಡ್ ದಿನ ನೀ ಎಲ್ಲಿದ್ದಿ?" ಎಂದ.

ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಸುಂಕಪ್ಪ ಹಿಂದೆ ಮುಂದೆ ನೋಡಿದ. ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ.

"ಸಂಡೂರಾಗಿದ್ದೆ. ಎರ್ರೆಮ್ಮನ ಅಕ್ಕನ ಮಗಳ ಮದುವಿ. ಬಸ್ ತಪ್ಪತೈತಿ ಅಂತ ಜಲ್ದಿ ಓಡಿದೆ, ಗೇಟ್ ಇಳಿಸೋದ ಮರತೆ. ಚಾವಿ ಕಿಸೆದಾಗ ಉಳೀತು. ಇಲ್ಲಿ ಬೀಗ ಒಡಿಯಾಕ ಸಾಹೇಬ್ರ ಸಹಿ ಬೇಕು, ಸಾಹೇಬ್ರು ರಜಾ ಮ್ಯಾಲೆ. ನಾನು ಎರಡ್ ದಿನ ಹೋಳಿಗಿ ಹೊಡದು, ನೌಕರಿ ಹೋತು ಅಂತ ಹೆದರಿಕೊಂಡು ಬಂದ್ರ ಹಾರ ಹಿಡಕೊಂಡು ನಿಂತಾರ. ನಾನೇನೂ ಹೇಳ್ಲಿಲ್ಲ. ಕುತ್ತಿಗಿ ಬಗ್ಗಿಸಿದೆ, ಅಷ್ಟ."

ವೆಂಡೆಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕನ್ನಡಕ ಒರೆಸಿಕೊಂಡು, ತಾನು ಯಾರಿಗೂ ಹೇಳದ ಒಂದು ಗುಟ್ಟನ್ನು ಹೇಳಿದ. ಲೋರ್ನಾಗೂ ಗೊತ್ತಿಲ್ಲದ್ದು. ಅಂದಿನಿಂದ ಅವರಿಬ್ಬರಿಗೂ ಒಂದು ಹೊಸ ನಮಸ್ಕಾರ ಹುಟ್ಟಿಕೊಂಡಿತು. ಸುಂಕಪ್ಪ ಕೆಳಗಿನಿಂದ "ಚಾವಿ ಎಲ್ಲೈತಿ?" ಎನ್ನುತ್ತಿದ್ದ. ವೆಂಡೆಲ್ ಮಹಡಿಯಿಂದ ಕಿಸೆ ತಟ್ಟಿ "ಕಿಸೆದಾಗ" ಎನ್ನುತ್ತಿದ್ದ. ನಮಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆ ಇಬ್ಬರ ನಗುವಿಗೆ ಮಾತ್ರ ಓಣಿಯ ಕಿಟಕಿಗಳು ತೆರೆಯುತ್ತಿದ್ದವು.

ಹದಿನೆಂಟು ತಿಂಗಳು ತುಂಬಿತು. ರೈಲ್ವೆ ಸ್ಟೇಷನ್ನಿನಲ್ಲಿ ಸುಂಕಪ್ಪ ಅತ್ತ. ವೆಂಡೆಲ್ಲೂ ಅತ್ತ. ಲೋರ್ನಾ ಇಬ್ಬರಿಗೂ ಒಂದೇ ಕರವಸ್ತ್ರ ಕೊಟ್ಟಳು.

ಒಂದು ವಾರದಲ್ಲಿ ಹೊಸ ಜೋಡಿ ಬಂತು, ಗಾರ್ಡನ್ ಮತ್ತು ಪೆಗ್ಗಿ. ಮೊದಲ ಸಂಜೆಯೇ ಗಾರ್ಡನ್ ಸರಿಯಾಗಿ ಐದಕ್ಕೆ ಕೆಳಗಿಳಿದು, ಕಲಿತ ಕನ್ನಡದಲ್ಲಿ, "ಸುಂಕಪ್ಪ, ಮೊಣಕಾಲ ನೋವು ಹೆಂಗೈತಿ?" ಎಂದ. ಎರಡನೇ ದಿನ ಮಂಡಕ್ಕಿಯ ಜೊತೆ, ಸುಂಕಪ್ಪನಿಗೆ ಬೇಕಾದ ಅಂಗಡಿಯಿಂದಲೇ, ಬೇಕಾದಷ್ಟೇ ಖಾರದ ಮಿರ್ಚಿ ತಂದ. "ನೋಡಪಾ, ಎರಡ್ ದಿನದಾಗ ಮನಸು ತಿಳಕೊಂಡಾನ. ಭಾರಿ ಮನಷ್ಯಾ" ಎಂದು ಸುಂಕಪ್ಪ ನನಗೆ ಸಾರಿದ. ಕಥೆ ಹೇಳುವಾಗ ಮಾತ್ರ ಅವನಿಗೆ ಒಂದು ಸಣ್ಣ ಕಸಿವಿಸಿ. ಗಾರ್ಡನ್ ನಗುವ ಜಾಗಕ್ಕಿಂತ ಒಂದು ಗಳಿಗೆ ಮುಂಚೆಯೇ ನಗುತ್ತಿದ್ದ.

ಸುಗ್ಗಿ ಮುಗಿಯಿತು. ಮೈಲಾರಲಿಂಗಪ್ಪ ಅಕ್ಕಿಚೀಲದೊಂದಿಗೆ ಬಂದು ಕಟ್ಟೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ಕುಳಿತ. ಎರ್ರೆಮ್ಮ ಚಹಾ ತಂದಳು. ನಾನೂ ಚಹಾದ ವಾಸನೆಗೆ ಅಲ್ಲಿ ಹಾಜರಿದ್ದೆ. ಹೊಸ ಅತಿಥಿಯ ಗೌರವಾರ್ಥ ಸುಂಕಪ್ಪ ಶಾಲು ಸರಿಪಡಿಸಿಕೊಂಡು ಕಥೆಯನ್ನು ಪೂರ್ಣ ಅಲಂಕಾರಗಳೊಂದಿಗೆ ಹೇಳಿದ. ನೀರು ಅಂದು ತೊಡೆ ಮುಟ್ಟಿತು. ಅವನು ಹೆಣದ ಕಿಸೆಯ ಮಾತಿಗೆ ಬಂದಾಗ ಗಾರ್ಡನ್ ಉತ್ಸಾಹದಿಂದ ತನ್ನ ಕಿಸೆ ತಟ್ಟಿ, "ಚಾವಿ ಕಿಸೆದಾಗ! ಸಂಡೂರು! ಮದುವಿ!" ಎಂದ.

ಸುಂಕಪ್ಪ ಹೆಗಲಿನ ಶಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡ.

"ಏನಂತಾರ ಸಾಹೇಬ್ರು?" ಎಂದ ಮೈಲಾರಲಿಂಗಪ್ಪ.

ತನ್ನ ಕನ್ನಡ ಸಾಲಲಿಲ್ಲವೆಂದುಕೊಂಡ ಆ ಸಜ್ಜನ, ಫೋನು ತೆಗೆದು ಇಂಗ್ಲಿಷಿನಲ್ಲಿ ಏನೋ ಹೇಳಿ, ಅದನ್ನು ಎಲ್ಲರ ಮಧ್ಯೆ ಎತ್ತಿ ಹಿಡಿದ. ಫೋನಿನೊಳಗಿನ ಹೆಂಗಸು ವಾರ್ತೆ ಓದುವ ದನಿಯಲ್ಲಿ ಘೋಷಿಸಿದಳು: "ನಿಜವಾದ ಕಥೆಯೆಂದರೆ, ಸುಂಕಪ್ಪನವರು ಗೇಟು ಮುಚ್ಚಲು ಮರೆತು, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಮದುವೆಗೆ ಹೋಗಿದ್ದರು. ಇದು ತುಂಬಾ ತಮಾಷೆಯಾಗಿದೆ."

ಮೈಲಾರಲಿಂಗಪ್ಪ ಚಹಾದ ಲೋಟ ಕೆಳಗಿಟ್ಟ. "ಹೌದೇನಣ್ಣ?"

ಸುಂಕಪ್ಪ ಶಾಲಿನ ಅಂಚು ನೋಡುತ್ತ ಕೂತಿದ್ದ. "ಹೌದು ತಮ್ಮಾ."

"ಅಪ್ಪ ನಿನ್ನ ಹೆಸರು ಹೇಳಿ ಕಣ್ಮುಚ್ಚಿದ." ಅಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು, "ಬಸ್ಸಿಗೆ ಹೊತ್ತಾತು" ಎಂದು ಎದ್ದ. ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಗಾರ್ಡನ್ ಎಲ್ಲರ ಮುಖ ನೋಡಿ ತಾನೇನೋ ಒಡೆದೆನೆಂದು ಕಂಡುಕೊಂಡು ಕೆಂಪಾದ. ಎರ್ರೆಮ್ಮ ಮಾತ್ರ ನಿಶ್ಚಿಂತಳಾಗಿ ಲೋಟ ಎತ್ತಿಕೊಂಡಳು. "ಮದುವಿಯಾಗ ನಿಮ್ಮ ಅಂಗಿ ಒಗದಾಕಿ ನಾನು. ಚಾವಿ ತಗದು ತಲಿದಿಂಬಿನ ಕೆಳಗ ಇಟ್ಟಾಕೀನೂ ನಾನ. ಇಷ್ಟು ವರ್ಷ ಬಾಯಿ ಬಿಟ್ಟೀನೇನು?"

ಹೇಗೆ ಗೊತ್ತಾಯಿತೆಂದು ಕೇಳಿದರೆ ಗಾರ್ಡನ್ ಮೇಲಕ್ಕೆ ಕೈ ತೋರಿಸಿದ. ಸುಂಕಪ್ಪ ಅಂದು ಮೊದಲ ಬಾರಿಗೆ ತನ್ನದೇ ಮಹಡಿಯ ಮೆಟ್ಟಿಲನ್ನು ಅಪರಿಚಿತನಂತೆ ಹತ್ತಿದ, ನಾನು ಹಿಂದೆ. ಅಡುಗೆಮನೆಯ ಗೂಡಿನಲ್ಲಿ ಒಂದು ಹಸಿರು ಫೈಲು ಇತ್ತು. ಹೋಗುವ ಜೋಡಿ ಬರುವ ಜೋಡಿಗೆ ಬರೆದಿಡುವುದಂತೆ. ಪೆಗ್ಗಿ ಪಾಪ, ಒಂದೊಂದೇ ಪುಟ ತಿರುವಿ, ಫೋನಿನಿಂದ ಕನ್ನಡದಲ್ಲಿ ಓದಿಸಿದಳು. ಗ್ಯಾಸ್ ಬುಕ್ ಮಾಡುವ ಬಗೆ. ನಲ್ಲಿಯ ವೇಳೆ. ಕೋತಿಗಳು: ಅಡುಗೆಮನೆಯ ಕಿಟಕಿ ತೆರೆದಿಡಬೇಡಿ. ಕೋತಿಗಳ ಮುಂದಿನ ಪುಟ ಸುಂಕಪ್ಪ: "ಸಂಜೆ ಐದಕ್ಕೆ ಕೆಳಗಿಳಿಯಿರಿ. ನಲವತ್ತು ನಿಮಿಷ ಬೇಕು. ಮೊಣಕಾಲು ವಿಚಾರಿಸಿ. ಶಾಲಿನ ಕಥೆ ಕೇಳಿ. ನಿಜ ಕಥೆ ಕೆಳಗಿದೆ. 'ಕಿಸೆದಾಗ' ಎಂದರೆ ಅವರಿಗೆ ಬಹಳ ಸಂತೋಷವಾಗುತ್ತದೆ."

ಎಲ್ಲ ವೆಂಡೆಲ್‌ನ ದುಂಡನೆಯ ಅಕ್ಷರ.

ಸುಂಕಪ್ಪ ಆ ಪುಟದ ಮೇಲೆ ಕೈಯಾಡಿಸಿದ. "ಮುಂದಿನಾಂವಗ ಚಾರ್ಜ್ ಕೊಡುವಾಗ ನಾನೂ ಬರದೀನಿ, ಮೂವತ್ತೆರಡು ವರ್ಷ. ಎಡಗಡಿ ಗೇಟ್ ಬಿಗಿ ಐತಿ, ಎಣ್ಣಿ ಬಿಡ್ರಿ ಅಂತ. ಅದು ಗೇಟು. ಗೆಳ್ಯಾನ್ನ ಹಂಗ ಚಾರ್ಜ್ ಕೊಡ್ತಾರೇನು?"

ಗಾರ್ಡನ್ ನಡೆದದ್ದನ್ನು ತಿಳಿಸಿರಬೇಕು, ವೆಂಡೆಲ್‌ನಿಂದ ಮರುದಿನ ವಾಟ್ಸಾಪಿನಲ್ಲಿ ದನಿ ಬಂತು. ಅದೇ ಹಳೆಯ ಶಿಷ್ಯನ ಕನ್ನಡ: "ಸುಂಕಪ್ಪ, ಸಿಟ್ಟಾಗಬ್ಯಾಡ. ನಾ ಹೋದಮ್ಯಾಲ ನೀ ಒಬ್ಬಾಂವ ಆಗಬಾರ್ದು ಅಂತ ಎಲ್ಲಾ ಬರದಿಟ್ಟೆ. ಚಾವಿ ಎಲ್ಲೈತಿ?" ಸುಂಕಪ್ಪ ಅದನ್ನು ಎರಡು ಸಲ ಕೇಳಿ, ಫೋನನ್ನು ಬೋರಲಾಗಿ ಮಲಗಿಸಿದ. ಉತ್ತರ ಹೋಗಿಲ್ಲ. ತಿಂಗಳು ಮೂರಾಯಿತು.

ಎರ್ರೆಮ್ಮನಿಗೆ ಮಾತ್ರ ಪ್ರತೀಕಾರ ಬೇಕಿತ್ತು. "ಆತನ ಗುಟ್ಟೂ ನಿಮ್ಮ ಹಂತ್ಯಾಕ ಐತಲ್ಲ? ಮ್ಯಾಲಿನವರ ಮುಂದ ಹೇಳಿಬಿಡ್ರಿ, ಫೈಲಿನಾಗ ಅದನ್ನೂ ಬರಕೊಳ್ಳಲಿ." ಗಾರ್ಡನ್ ಈಗಲೂ ಐದಕ್ಕೆ ಕೆಳಗಿಳಿಯುತ್ತಾನೆ, ಮೊಣಕಾಲಿನ ಸುದ್ದಿ ಎತ್ತದೆ ಹವಾಮಾನ ಮಾತಾಡುತ್ತಾನೆ. ಸುಂಕಪ್ಪ ಕುರ್ಚಿ ಕೊಡುತ್ತಾನೆ, ಕಥೆ ಕೊಡುವುದಿಲ್ಲ. ಶಾಲು ಟ್ರಂಕಿನಲ್ಲಿದೆ. ಎರಡನೇ ಬೆಳೆಯ ಅಕ್ಕಿಚೀಲ ಮೊನ್ನೆ ಬಂತು. ಆಟೋದವನು ಇಳಿಸಿ ಹೋದ, ಮೈಲಾರಲಿಂಗಪ್ಪ ಬರಲಿಲ್ಲ.

ಇದನ್ನೆಲ್ಲ ಬರೆಯಲು ನಾನು ಆರು ಮಿರ್ಚಿಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಅವನ ಅಪ್ಪಣೆ ಕೇಳಲು ಹೋದೆ. ಆಸೆ ನಿಜವಾಗಿ ವೆಂಡೆಲ್‌ನ ಗುಟ್ಟಿನ ಮೇಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಸುಂಕಪ್ಪ ಐದನ್ನು ತಿಂದ. ಆರನೆಯದನ್ನು ಎರ್ರೆಮ್ಮನಿಗೆಂದು ಎತ್ತಿಟ್ಟು, ಕೈ ಒರೆಸಿಕೊಂಡ.

"ನಂದು ಬರಿ. ನಂದು ಈಗ ಫೈಲಿನಾಗೈತಿ, ಯಾರ್ ಬೇಕಾದ್ರೂ ಓದ್ಲಿ."

"ಆತಂದು?"

"ಆತಂದು ಇಟ್ಕೋ ಅಂತ ನನ್ನ ಹಂತ್ಯಾಕ ಕೊಟ್ಟಾನ" ಎಂದು ಸುಂಕಪ್ಪ ಎದ್ದು ಒಳಗೆ ಹೋದ.