ಹುಳಿಮಜ್ಜಿಗೆಯೂ ಹದಿನಾಲ್ಕು ನಿಯಮಗಳೂ

ಬೆಳಗ್ಗೆ ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದ ಬಾಟಲಿಯ ಮುಚ್ಚಳ ತೆಗೆದೆ. ಕರಿಬೇವಿನ ಗಿಡಕ್ಕೆಂದು ಐದು ದಿನ ಹುಳಿಸಿದ ಮಜ್ಜಿಗೆ, ಜೊತೆಗೆ ಒಂದು ಚಿಟಿಕೆ ಇಂಗು. ವಾಸನೆ ದೇವರಮನೆಯವರೆಗೂ ಹೋಯಿತು. "ಏನ್ರೀ ಅದು, ಮನೇಲಿ ಇರೋಕೆ ಬಿಡ್ತೀರೋ ಇಲ್ವೋ?" ಎಂದಳು ನನ್ನ ಹೆಂಡತಿ. ನನಗೆ ಮಾತ್ರ ಆ ವಾಸನೆಗೆ ರುಕ್ಮಿಣಮ್ಮನವರ ನೆನಪಾಯಿತು. ಪಾಪ, ಅವರಿಗೆ ಗೊತ್ತಾದರೆ ಬೇಸರಪಟ್ಟುಕೊಂಡಾರು.

ಕಾರಣ ಹೇಳಬೇಕು. ಎರಡು ವರ್ಷದ ಹಿಂದೆ ಬನಶಂಕರಿ, ಜಯನಗರದ ಕಡೆಯ ತಾರಸಿ ತೋಟದವರು ಕೆಲವರು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾವೇದಿಕೆ ಶುರುಮಾಡಿದೆವು. ಗಿಡದ ಫೋಟೋ ಹಾಕಿ ಪ್ರಶ್ನೆ ಕೇಳುವುದು, ಗೊತ್ತಿದ್ದವರು ಉತ್ತರ ಹೇಳುವುದು, ಇಷ್ಟೇ. ಗಿಡದ ವಿಷಯದಲ್ಲಿ ಏನು ಜಗಳ ಬಂದೀತು ಎನ್ನುತ್ತೀರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಮೊದಲ ವಾರವೇ ಬೇವಿನೆಣ್ಣೆ ಮೇಲೋ ಬೂದಿ ಮೇಲೋ ಎಂದು ಇಬ್ಬರು ನಿವೃತ್ತ ಇಂಜಿನಿಯರುಗಳು ಒಬ್ಬರನ್ನೊಬ್ಬರು ದಡ್ಡರೆಂದು ಕರೆದರು.

ಮೇಲ್ವಿಚಾರಣೆ ನನ್ನ ತಲೆಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು; ಒಂದೇ ಸಂಜೆಯಲ್ಲಿ ಹದಿನಾಲ್ಕು ನಿಯಮ ಬರೆದೆ. ಎಲ್ಲಕ್ಕೂ ಮೇಲೆ 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆ ಬೇರೆ. ಅವನ್ನು ಪೂರ್ತಿ ಓದಿದವನು ನಾನೊಬ್ಬನೇ ಎಂಬ ಅನುಮಾನ ಈಗಲೂ ಇದೆ.

ನನ್ನ ಜೊತೆಗಿದ್ದ ಇನ್ನೊಬ್ಬ ಮೇಲ್ವಿಚಾರಕಿ ಕತ್ರಿಗುಪ್ಪೆಯ ರುಕ್ಮಿಣಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲಿನ ಕಾಲದಲ್ಲಿ ಊರವರೆಲ್ಲರ ಸಿಟ್ಟು ಅವರ ಕಿವಿಯೊಳಗೇ ಹಾದುಹೋಗಿತ್ತು. ಅವರು ಒಂದು ನಿಯಮವನ್ನೂ ಬರೆಯಲಿಲ್ಲ. ಯಾರಾದರೂ ಒರಟಾಗಿ ಬರೆದರೆ ಫೋನ್ ಮಾಡಿ, "ಕಾಫಿ ಆಯ್ತಾ ಸಾರ್? ಗಿಡ ಹೇಗಿದೆ?" ಎಂದು ಕೇಳುತ್ತಿದ್ದರು. ಹತ್ತು ನಿಮಿಷದಲ್ಲಿ ಬರೆದವರೇ ಅದನ್ನು ಅಳಿಸಿರುತ್ತಿದ್ದರು. ಇದು ಶಿಸ್ತಲ್ಲ, ಬರೀ ಮುದ್ದು ಎಂದು ಆಗ ನನ್ನ ಅಭಿಪ್ರಾಯ.

ಹೀಗಿರುವಾಗ ವಿಲ್ಸನ್ ಗಾರ್ಡನ್ನಿನ ನಂಜುಂಡಪ್ಪ ಎಂಬುವರು, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಗುಲಾಬಿಯ ಫೋಟೋ ಕೆಳಗೆ, "ನಿಮಗೆಲ್ಲ ಯಾಕಮ್ಮ ಗಿಡ? ಪ್ಲಾಸ್ಟಿಕ್ ಹೂವು ತಂದಿಟ್ಕೊಳ್ಳಿ, ಫೋಟೋಗೆ ಅದೇ ಚೆಂದ" ಎಂದು ಬರೆದರು. ನಾಲ್ಕನೇ ನಿಯಮದ ಉಲ್ಲಂಘನೆ. ಗಲಾಟೆ ಮಾಡಿದವರನ್ನು ಕ್ಲಾಸಿನಿಂದಾಚೆ ನಿಲ್ಲಿಸುವಷ್ಟೇ ಸಲೀಸಾಗಿ ಅವರನ್ನು ಹೊರಹಾಕಿ, ಕಾರಣವನ್ನು ಎಲ್ಲರಿಗೂ ಕಾಣುವಂತೆ ಬರೆದೆ. ಇಪ್ಪತ್ತು ಜನ ಚಪ್ಪಾಳೆಯ ಚಿತ್ರ ಹಾಕಿದರು. ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ರುಕ್ಮಿಣಮ್ಮ ನನಗೆ ಫೋನ್ ಮಾಡಿದರು. "ಮೇಷ್ಟ್ರೇ, ಅವ್ರು ಬರ್ದಿದ್ದು ತಪ್ಪೇ. ಆದ್ರೆ ಅದಕ್ಕೂ ಮುಂಚೆ ಏನ್ ಬರ್ದಿದ್ರು, ನೋಡಿದ್ರಾ?"

"ಇಲ್ಲ."

"ಒಂಬತ್ತು ದಿನದಿಂದ ಕೇಳ್ತಿದಾರೆ, ಕರಿಬೇವಿನ ಎಲೆ ಉದುರ್ತಿದೆ, ಏನ್ ಮಾಡ್ಲಿ ಅಂತ. ಒಬ್ರೂ ಉತ್ತರ ಕೊಟ್ಟಿಲ್ಲ. ಎಕ್ಸ್‌ಚೇಂಜಲ್ಲಿ ಕಾಲ್ ಸಿಗದೇ ಇದ್ರೂ ನಾವು ಎರಡು ನಿಮಿಷಕ್ಕೊಂದ್ಸಲ 'ಲೈನಲ್ಲೇ ಇರಿ ಸಾರ್, ಟ್ರೈ ಮಾಡ್ತಿದೀನಿ' ಅಂತಿದ್ವಿ. ಹಾಗನ್ನದೆ ಬಿಟ್ರೆ ಎಂಥ ಸಾಧು ಮನುಷ್ಯನೂ ಕೂಗಾಡ್ತಾನೆ."

ಹಳೆಯದನ್ನೆಲ್ಲ ತೆಗೆದು ನೋಡಿದೆ. ನಿಜ. ಮೊದಲ ಪ್ರಶ್ನೆಯ ಕೊನೆಗೆ "ದಯವಿಟ್ಟು ತಿಳಿಸಿ" ಎಂದಿತ್ತು. ಎರಡನೆಯದರಲ್ಲಿ "ಯಾರಾದರೂ ಹೇಳಿ". ಮೂರನೆಯ ಸಲ ಬರಿಯ ಫೋಟೋ, ಬೋಳು ಕಡ್ಡಿಯದು. ಬೈಯಬಾರದು ಎಂದು ನನ್ನ ನಿಯಮಗಳಲ್ಲಿ ಮೂರು ಕಡೆ ಇತ್ತು; ಕೇಳಿದವರಿಗೆ ಉತ್ತರ ಕೊಡಬೇಕು ಎಂದು ಎಲ್ಲೂ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ರುಕ್ಮಿಣಮ್ಮ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ವಿಲ್ಸನ್ ಗಾರ್ಡನ್ನಿಗೆ ಹೊರಟರು. ಅವರ ಮಡಿಲಲ್ಲಿ ಇಂಥದೇ ಒಂದು ಬಾಟಲಿ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಮುಚ್ಚಳ ಉಸ್ಸೆನ್ನುತ್ತಿತ್ತು, ಆಟೋದವನು "ಏನ್ ಮೇಡಂ ಅದು?" ಎಂದು ಎರಡು ಸಲ ತಿರುಗಿ ನೋಡಿದ. ನಂಜುಂಡಪ್ಪ ಬಾಗಿಲು ತೆರೆದಾಗ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮಾಪಣೆ ನನಗೆ ಮರೆತೇಹೋಯಿತು. "ನಿಮ್ಮ ಪ್ರಶ್ನೆ ನೋಡಿರ್ಲಿಲ್ಲ ಸಾರ್. ತಪ್ಪಾಯ್ತು," ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಬಾಟಲಿ ನೋಡಿದರು. "ಬೇರಿಗೆ ಹಾಕ್ಬೇಕಾ, ಎಲೆಗಾ?" ಎಂದರು. ಅಷ್ಟು ಮೆತ್ತಗಿನ ದನಿ. ಆ ಸಂಜೆ ಅವರನ್ನು ಮತ್ತೆ ಸೇರಿಸಿಕೊಂಡೆ. ಅವರು ಮೊದಲು ಬರೆದದ್ದು ಆ ಹುಡುಗಿಗೆ, "ಬೇಜಾರ್ ಮಾಡ್ಕೋಬೇಡಮ್ಮ, ಗುಲಾಬಿ ಚೆನ್ನಾಗಿದೆ" ಎಂದು.

ಈಗ ರುಕ್ಮಿಣಮ್ಮನವರ ಕಿವಿ ಪೂರ್ತಿ ಮಂದವಾಗಿದೆ. ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಮೇಲ್ವಿಚಾರಣೆ ಬಿಟ್ಟು ವರ್ಷವಾಯಿತು. ಸಿಟ್ಟಾದವರಿಗೆಲ್ಲ ಫೋನ್ ಮಾಡುವ ಕೆಲಸ ನನ್ನದು. ಚೆನ್ನಾಗಿಯೇ ಮಾಡುತ್ತಿದ್ದೇನೆ ಎಂಬ ಜಂಬವೂ ಇತ್ತು.

ಇವತ್ತು ಬಾಟಲಿ ಕೈಯಲ್ಲಿ ಹಿಡಿದೇ ವೇದಿಕೆಯಲ್ಲಿ ರುಕ್ಮಿಣಮ್ಮನವರ ಹೆಸರು ಹುಡುಕಿದೆ. ಹನ್ನೊಂದು ದಿನದ ಹಿಂದೆ ಬರೆದಿದ್ದರು: "ನನ್ನ ದಾಸವಾಳದ ಮೊಗ್ಗು ಅರಳುವ ಮುಂಚೆಯೇ ಉದುರುತ್ತಿದೆ. ಪುರುಸೊತ್ತಾದಾಗ ಯಾರಾದರೂ ತಿಳಿಸಿ." ಕೆಳಗೆ ಒಂದು ಉತ್ತರವೂ ಇಲ್ಲ. ಅವರು ಎರಡನೇ ಸಲ ಕೇಳಿರಲಿಲ್ಲ, ಯಾರನ್ನೂ ಬೈದಿರಲಿಲ್ಲ. ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೈದವರಿಗೆಲ್ಲ ಕಾಫಿ ಆಯಿತಾ ಎಂದು ಕೇಳುತ್ತ, ಬೈಯದವರೊಬ್ಬರನ್ನು ಹನ್ನೊಂದು ದಿನ ಕಾಯಿಸಿದ್ದೆ.

"ಲೈನಲ್ಲೇ ಇರಿ ಮೇಡಂ, ಬರ್ತಿದೀನಿ" ಎಂದು ಅವರ ಪ್ರಶ್ನೆಯ ಕೆಳಗೆ ಬರೆದೆ. ಮೊಗ್ಗು ಉದುರುವುದಕ್ಕೂ ಇದೇ ಮಜ್ಜಿಗೆ ಮದ್ದು; ಬಾಟಲಿಯ ಮುಚ್ಚಳ ಬಿಗಿಮಾಡಿಕೊಂಡು ಕತ್ರಿಗುಪ್ಪೆಯ ಕಡೆ ಹೊರಟೆ.